ಸೂರ್ಯ ಉತ್ತರಕ್ಕೆ ಹೋದದ್ದಕ್ಕೆ ನಾವು ಮನೆ ತಿರುಗಿಸಿದ್ದು

ಕ್ಯಾಮೆರಾ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಲೆನ್ಸಿನ ಬಗ್ಗೆ ಕೇಳುತ್ತಾರೆ, ಕಪ್ಪು ಬಿಳುಪು ಫಿಲ್ಮಿನ ಬಗ್ಗೆ ಕೇಳುತ್ತಾರೆ, ಹಳೆಯ ನಾಯಕಿಯರ ಬಗ್ಗೆ ಧ್ವನಿ ತಗ್ಗಿಸಿ ಕೇಳುತ್ತಾರೆ. ಸೂರ್ಯನ ಬಗ್ಗೆ ಮಾತ್ರ ಇದುವರೆಗೆ ಒಬ್ಬರೂ ಕೇಳಿಲ್ಲ. ಬಾಡಿಗೆಯಿಲ್ಲದೆ ಸಿಗುವ ದೀಪವಾದ್ದರಿಂದ ಅವನಿಗೆ ಮರ್ಯಾದೆ ಕಡಿಮೆ. ನಾನೂ ಒಂದು ಕಾಲದಲ್ಲಿ ಹಾಗೆಯೇ ಇದ್ದೆ. ಅವನು ನಮ್ಮ ಇಡೀ ಯೂನಿಟ್ಟಿನ ಮಾನ ಕಳೆದ ಮೇಲೆ ಬುದ್ಧಿ ಬಂತು.

ಮೊದಲು ಚಂದ್ರನ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಅದು ಚಿಕ್ಕದು.

ಅರವತ್ತರ ದಶಕದ ಕೊನೆಯಲ್ಲಿ, ಮನುಷ್ಯ ಚಂದ್ರನ ಮೇಲೆ ಇಳಿಯುತ್ತಾನಂತೆ ಎಂದು ಪತ್ರಿಕೆಗಳೆಲ್ಲ ಬರೆಯುತ್ತಿದ್ದಾಗ, ಮದರಾಸಿನ ಕೋಡಂಬಾಕ್ಕಂನ ಒಬ್ಬ ಹೊಸ ನಿರ್ದೇಶಕನಿಗೂ ಅಲ್ಲಿಗೆ ಹೋಗಬೇಕೆನಿಸಿತು. ಸ್ವಂತಕ್ಕಲ್ಲ, ಒಂದು ಕನಸಿನ ಹಾಡಿಗೆ. ಆ ಹೊತ್ತಿಗೆ ನಾನು ಕ್ಯಾಮೆರಾಮನ್ ಆಗಿದ್ದೆ. ಹಾಡಿನ ಮೊದಲ ಚರಣಕ್ಕೆ ಚಂದ್ರನಲ್ಲಿ ವಸಂತ, ಎರಡನೆಯದಕ್ಕೆ ಮಳೆಗಾಲ, ಮೂರನೆಯದಕ್ಕೆ ಚಳಿಗಾಲ ಎಂದು ಆತ ಕಣ್ಣು ಮುಚ್ಚಿಕೊಂಡು ವಿವರಿಸಿದ.

“ಚಂದ್ರನಲ್ಲಿ ಋತುಗಳಿಲ್ಲ ಸ್ವಾಮಿ,” ಎಂದೆ. “ಋತು ಬರಬೇಕಾದರೆ ಗೋಲ ಒಂದು ಕಡೆ ವಾಲಿರಬೇಕು. ನಮ್ಮ ಭೂಮಿ ವಾಲಿಕೊಂಡು ಸುತ್ತುತ್ತದೆ. ಚಂದ್ರ ವಾಲಿರುವುದು ಎಷ್ಟು ಕಡಿಮೆ ಅಂದರೆ ಲೆಕ್ಕಕ್ಕೇ ಇಲ್ಲ.”

“ಹಾಗಾದ್ರೆ ಗುರುಗ್ರಹ ಇಟ್ಕೊಳ್ಳೋಣ. ಹೆಸರು ದೊಡ್ಡದಾಗಿದೆ.”

“ಗುರುವೂ ಹೆಚ್ಚುಕಡಿಮೆ ನೆಟ್ಟಗೆ ನಿಂತಿದ್ದಾನೆ. ಮಂಗಳನಲ್ಲಿ ಋತುಗಳಿವೆ. ಅವನು ನಮ್ಮಷ್ಟೇ ವಾಲಿದ್ದಾನೆ.”

“ಮಂಗಳ ಬೇಡ ಸಾರ್. ನಮ್ಮ ಹೀರೊಯಿನ್‌ಗೆ ಕುಜದೋಷ, ಆಮೇಲೆ ಅವರಮ್ಮ ಗಲಾಟೆ ಮಾಡ್ತಾರೆ. ಬೇರೆ ಯಾವುದಿದೆ?”

“ಯುರೇನಸ್ ಇದೆ. ಅದು ಪೂರ್ತಿ ಪಕ್ಕಕ್ಕೆ ಮಲಗಿಬಿಟ್ಟಿದೆ. ಅದರ ಧ್ರುವದಲ್ಲಿ ಒಂದು ಹಗಲು ಮುಗಿಯುವಷ್ಟರಲ್ಲಿ ನಿಮ್ಮ ಹೀರೊಯಿನ್ ಅಜ್ಜಿಯಾಗಿರುತ್ತಾಳೆ.”

ಆತ ಬಹಳ ಹೊತ್ತು ಯೋಚಿಸಿ, ಚಂದ್ರನಲ್ಲೇ ಕಾಗದದ ಹೂವು ನೆಡಿಸಿದ. ಜನ ಶಿಳ್ಳೆ ಹೊಡೆದರು. ಸಿನಿಮಾದಲ್ಲಿ ಖಗೋಳಶಾಸ್ತ್ರಕ್ಕೆ ಇರುವ ಸ್ಥಾನ ಅಷ್ಟೇ ಎಂದು ನೀವು ತಿಳಿದರೆ ಅದು ತಪ್ಪು. ಅಂದು ಹಾಡು ಮುಗಿದ ಮೇಲೆ ಆ ನಿರ್ದೇಶಕ, “ನಿಮಗೆ ಇದೆಲ್ಲ ಹೇಗೆ ಗೊತ್ತು ಸಾರ್? ಕಾಲೇಜಿನಲ್ಲಿ ಓದಿದ್ದಾ?” ಎಂದು ಕೇಳಿದ. ಕಾಲೇಜಲ್ಲ, ಪೆಟ್ಟು ತಿಂದು ಕಲಿತದ್ದು ಎಂದೆ. ಆ ಪೆಟ್ಟಿನ ಕಥೆಯೇ ಮುಂದಿನದು.

ಅದು ಐವತ್ತರ ದಶಕದ ಕೊನೆಯ ವರ್ಷಗಳ ಮಾತು. ಕನ್ನಡ ಚಿತ್ರಗಳು ಮದರಾಸಿನಲ್ಲೇ ಹುಟ್ಟಿ, ಮದರಾಸಿನಲ್ಲೇ ತೊಳೆಸಿಕೊಂಡು, ಆಮೇಲೆ ಪೆಟ್ಟಿಗೆಯಲ್ಲಿ ಮಲಗಿ ಕನ್ನಡನಾಡಿಗೆ ಹೋಗುತ್ತಿದ್ದ ಕಾಲ. ನಮ್ಮಣ್ಣ ರೈಲ್ವೆಯಲ್ಲಿದ್ದ, ತಿರುವಲ್ಲಿಕ್ಕೇಣಿಯಲ್ಲಿ ಮನೆ. ಅವನ ಮನೆಯಲ್ಲಿ ಉಂಡು, ಬಸ್ಸು ಹಿಡಿದು ಕೋಡಂಬಾಕ್ಕಂಗೆ ಹೋಗಿ, ನಾನು ವರದನ್ ಸಾರ್ ಎಂಬ ಕ್ಯಾಮೆರಾಮನ್‌ಗೆ ಸಹಾಯಕನಾಗಿದ್ದೆ.

ಸಹಾಯಕ ಅಂದರೆ ಏನೆಂದು ಈಗಿನವರಿಗೆ ಹೇಳಬೇಕು. ಕ್ಯಾಮೆರಾಕ್ಕೆ ಕೊಡೆ ಹಿಡಿಯುವವನು ಸಹಾಯಕ. ಕೊಡೆಯ ನೆರಳು ಕ್ಯಾಮೆರಾಕ್ಕೆ, ಬಿಸಿಲು ಸಹಾಯಕನಿಗೆ. ಟೇಪು ಹಿಡಿದು ನಟನ ಮೂಗಿನ ತನಕ ಅಳೆಯುವುದು, ಲೆನ್ಸು ಒರೆಸುವುದು, ಸಾರ್ ಕೋಪ ಮಾಡಿಕೊಂಡಾಗ ಹತ್ತಿರದಲ್ಲಿರುವುದು, ಇವು ಉಳಿದ ಕರ್ತವ್ಯಗಳು. ಕ್ಯಾಮೆರಾದ ಕಿಂಡಿಗೆ ಕಣ್ಣಿಡುವುದು ಕರ್ತವ್ಯಗಳಲ್ಲಿ ಇರಲಿಲ್ಲ. ವರದನ್ ಸಾರ್ ಎತ್ತರದ ಆಳು, ಹಣೆಯ ಮೇಲೆ ನಾಮ, ತಮಿಳರು. ಕನ್ನಡವನ್ನು ಕನ್ನಡ ಚಿತ್ರಗಳ ಸಂಭಾಷಣೆಯಿಂದಲೇ ಕಲಿತಿದ್ದರಿಂದ ಸಿಟ್ಟು ಬಂದಾಗ ರಾಜನ ಹಾಗೆ ಮಾತಾಡುತ್ತಿದ್ದರು. “ಎಲವೋ ರಘು, ಆ ರಿಫ್ಲೆಕ್ಟರ್ ಎಡಕ್ಕೆ ತಳ್ಳುಡಾ!” ಎಂಬುದು ನನಗೆ ಸಿಗುತ್ತಿದ್ದ ಅವರ ಸರಾಸರಿ ವಾಕ್ಯ.

ಚಿತ್ರದ ನಿರ್ದೇಶಕರು ಭೀಮರಾಯರು. ಧಾರವಾಡದವರು, ಗುಂಡಗೆ, ಚುರುಕು. ಹಿಂದಿನ ಎರಡು ಚಿತ್ರಗಳು ಬಂದದ್ದು ಯಾರಿಗೂ ತಿಳಿಯುವ ಮೊದಲೇ ಹೋಗಿದ್ದವು. ಇದೂ ಹಾಗೆಯೇ ಹೋದರೆ ಊರಿಗೆ ಮರಳಿ ಮಾವನ ಸೈಕಲ್ ಅಂಗಡಿಯಲ್ಲಿ ಕೂರಬೇಕಿತ್ತು. ಮಾವ ಈಗಾಗಲೇ ಕುರ್ಚಿ ತೆಗೆದಿಟ್ಟಿದ್ದಾರೆಂದು ಅವರೇ ಹೇಳುತ್ತಿದ್ದರು.

ಆ ಚಿತ್ರದ ಜೀವ ಒಂದು ದೃಶ್ಯದಲ್ಲಿತ್ತು. ಮಗನನ್ನು ಮನೆಯಿಂದ ಹೊರಗೆ ಹಾಕಿದ ತಂದೆ ಅಂಗಳದ ನಡುವೆ ನಿಂತಿದ್ದಾನೆ. ಸೂರ್ಯ ಅವನ ಬೆನ್ನ ಹಿಂದೆ. ಅವನ ನೆರಳು ಮುಂದಕ್ಕೆ, ಬಾಗಿಲಿನ ಕಡೆಗೆ ಬಿದ್ದಿದೆ. ಮಗ ಹೊರಬಾಗಿಲಿನಿಂದ ಬರುತ್ತಾನೆ. ತಂದೆಯ ನೆರಳನ್ನು ತುಳಿಯಲಾರದೆ ಅದರ ಅಂಚಿನಲ್ಲೇ ಉದ್ದಕ್ಕೆ ಬೀಳುತ್ತಾನೆ. ತಂದೆ ಕೈ ಎತ್ತುತ್ತಾನೆ. ಕೈಯ ನೆರಳು ನೆಲದ ಮೇಲೆ ಹರಿದು ಬಂದು ಮಗನ ತಲೆಯ ಮೇಲೆ ನಿಲ್ಲುತ್ತದೆ. ಮಾತಿಲ್ಲ. ಭೀಮರಾಯರು ಇದನ್ನು ಹೇಳಿದಾಗಲೆಲ್ಲ ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ನಿರ್ಮಾಪಕರಿಗೆ ಹೇಳುವಾಗ ಸ್ವಲ್ಪ ಹೆಚ್ಚು ಬರುತ್ತಿತ್ತು.

ತಂದೆಯ ಪಾತ್ರಕ್ಕೆ ಗುರುಪಾದಪ್ಪನವರು ಬಂದರು. ನಾಟಕ ಕಂಪನಿಯಲ್ಲಿ ಬದುಕು ಸವೆಸಿದ ಮುದುಕರು. ಎತ್ತರ, ಎಡ ಹೆಗಲು ತುಸು ಕುಸಿದಿತ್ತು. ಕ್ಯಾಮೆರಾದ ಮೇಲೆ ಅವರಿಗೆ ಕಿಂಚಿತ್ತೂ ಗೌರವವಿರಲಿಲ್ಲ. “ಈ ಡಬ್ಬಿ ಚಪ್ಪಾಳಿ ಹೊಡಿಯೂದಿಲ್ಲಲ್ಲ,” ಎನ್ನುತ್ತಿದ್ದರು.

ಸ್ಟುಡಿಯೋದ ಬಯಲಿನಲ್ಲಿ ಅಂಗಳ ಸಮೇತ ಮನೆಯ ಸೆಟ್ಟು ಹಾಕಿದೆವು. ನಿರ್ಮಾಪಕರು ವಾಸ್ತು ನೋಡುವವರಾದ್ದರಿಂದ ಬಾಗಿಲು ಉತ್ತರಕ್ಕೆ. ಪ್ಲೈವುಡ್ಡಿನ ಮನೆಗೆ ಕುಬೇರ ಎಲ್ಲಿಂದ ಬರುತ್ತಾನೋ! ಆದರೆ ಡಿಸೆಂಬರಿನಲ್ಲಿ ಅದು ನಮಗೆ ಅನುಕೂಲವೇ ಆಯಿತು. ನಡುಮಧ್ಯಾಹ್ನ ಸೂರ್ಯ ದಕ್ಷಿಣದಲ್ಲಿ ಮನೆಯ ಹಿಂದಿರುತ್ತಿದ್ದ, ತಂದೆಯ ನೆರಳು ಮುಕ್ಕಾಲು ಆಳುದ್ದ ಬಾಗಿಲಿನ ಕಡೆಗೆ ಬೀಳುತ್ತಿತ್ತು. ದೇವರು ನಮ್ಮ ಚಿತ್ರಕಥೆ ಓದಿದ್ದಾನೆ ಎಂದುಕೊಂಡೆವು.

ಗುರುಪಾದಪ್ಪನವರ ಶಾಟುಗಳನ್ನು ಮೊದಲು ತೆಗೆದೆವು. ಕೈ ಎತ್ತುವ ಶಾಟಿನಲ್ಲಿ ಅವರು ಯಾರೂ ಹೇಳದ ಒಂದು ಕೆಲಸ ಮಾಡಿದರು. ಕೈ ಅರ್ಧ ಎತ್ತಿದರು. ನಿಲ್ಲಿಸಿದರು. ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು. ಮತ್ತೆ ಬಹಳ ನಿಧಾನವಾಗಿ, ಭಾರವಾದ ಏನನ್ನೋ ಎತ್ತುವವರಂತೆ, ಪೂರ್ತಿ ಚಾಚಿದರು.

ಭೀಮರಾಯರು ಕಟ್ ಹೇಳಿ ಸಿಡಿದರು. “ಯಾಕ್ರೀ ನಡುವ ನಿಲ್ಲಿಸಿದ್ರಿ? ನಾ ಹೇಳಿದ್ದು ಒಮ್ಮೆಲೇ ಎತ್ರಿ ಅಂತ!”

“ನೀವು ಮಗನ್ನ ಹೊರಗ ಹಾಕೀರೇನು?”

“ಇಲ್ಲ.”

“ನಾ ಹಾಕೀನಿ. ಹಿಂಗ ಏಳ್ತದ ಕೈ.”

ಭೀಮರಾಯರು ಆ ಶಾಟನ್ನೇ ಇಟ್ಟುಕೊಂಡರು. ಕ್ಯಾಮೆರಾದಿಂದ ಕಣ್ಣು ತೆಗೆದ ವರದನ್ ಸಾರ್ ಮುಖ ಒರೆಸಿಕೊಳ್ಳುತ್ತಿದ್ದರು. ಬೆವರು ಎಂದು ಆಗ ಅಂದುಕೊಂಡೆ.

ಮರುದಿನ ಮಗನ ಶಾಟುಗಳು. ನಮ್ಮ ಹೀರೊ ಅಂದು ಬೆಳಿಗ್ಗೆ ಹೊಸ ಮೋಟಾರ್ ಸೈಕಲ್ಲಿನಲ್ಲಿ ವಡಪಳನಿಯ ತಿರುವಿನಲ್ಲಿ ಎಮ್ಮೆಯೊಂದಕ್ಕೆ ನಮಸ್ಕಾರ ಮಾಡಿ ಕಾಲು ಮುರಿದುಕೊಂಡ. ಎಮ್ಮೆ ಎದ್ದು ಹೋಯಿತು, ಚಿತ್ರ ನಿಂತಿತು. ಸೆಟ್ಟಿನ ಮೇಲೆ ಟಾರ್ಪಾಲು ಹೊದಿಸಿ ಎಲ್ಲರೂ ಬೇರೆ ಬೇರೆ ಕೆಲಸ ನೋಡಿಕೊಂಡೆವು. ಯುಗಾದಿಯ ಆಚೀಚೆ ಸುದ್ದಿ ಬಂತು: ಗುರುಪಾದಪ್ಪನವರು ಊರಿನಲ್ಲಿ ತೀರಿಕೊಂಡರು. ಅವರು ಡಬ್ಬಿ ಎಂದು ಬೈದ ಕ್ಯಾಮೆರಾದೊಳಗೆ ಅವರ ಕೊನೆಯ ಪಾತ್ರ ಉಳಿದಿತ್ತು.

ಜೂನಿನಲ್ಲಿ ಹೀರೊ ಕಾಲು ಊರಿ ನಡೆದ. ಸೆಟ್ಟಿಗೆ ಹೊಸ ಬಣ್ಣ ಬಳಿದು, ಅದೇ ನಡುಮಧ್ಯಾಹ್ನಕ್ಕೆ ಅವನನ್ನು ಬಾಗಿಲಿನಿಂದ ಒಳಗೆ ನಡೆಸಿದೆವು. ಸೆಕೆಯಲ್ಲಿ ನಮ್ಮ ಮಿದುಳೂ ಕರಗಿತ್ತೋ ಏನೋ, ಯಾರೂ ನೆಲ ನೋಡಲಿಲ್ಲ. ವರದನ್ ಸಾರ್ ಕೂಡ. ಅವರು ಹೆಚ್ಚಾಗಿ ಸ್ಟುಡಿಯೋದ ಮುಚ್ಚಿದ ಫ್ಲೋರ್ ಒಳಗೆ ದೊಡ್ಡ ದೀಪಗಳಲ್ಲಿ ಕೆಲಸ ಮಾಡಿದವರು. ಅಲ್ಲಿ ಸೂರ್ಯ ಲೈಟ್‌ಬಾಯ್ ಇಟ್ಟ ಕಡೆ ಇರುತ್ತಾನೆ.

ಎಡಿಟಿಂಗ್ ಕೋಣೆಯಲ್ಲಿ ಎರಡನ್ನೂ ಜೋಡಿಸಿ ನೋಡಿದೆವು. ತಂದೆ ನಿಂತಿದ್ದಾನೆ, ಬಿಸಿಲು ಅವನ ಹಿಂದಿನಿಂದ ಬಂದು ನೆರಳು ಬಾಗಿಲಿನ ಕಡೆಗಿದೆ. ಮಗ ಬರುತ್ತಾನೆ, ಬಿಸಿಲು ಅವನ ಬೆನ್ನಿಗೆ ಬಿದ್ದು ಗಿಡ್ಡ ನೆರಳೊಂದು ಮನೆಯ ಕಡೆಗೆ ಮುಖ ಮಾಡಿದೆ. ಒಂದೇ ಅಂಗಳದಲ್ಲಿ ಅಪ್ಪನಿಗೊಂದು ಸೂರ್ಯ, ಮಗನಿಗೊಂದು ಸೂರ್ಯ.

ಭೀಮರಾಯರು ಮೆಲ್ಲಗೆ ಕೇಳಿದರು. “ವರದನ್ನವರ, ಆಸ್ತಿ ಪಾಲು ಮಾಡಿಕೊಂಡ್ರೇನು ಇವರು? ಸೂರ್ಯನ್ನೂ ಹಂಚಿಕೊಂಡಾರಲ್ಲ?”

ವರದನ್ ಸಾರ್ ರೀಲನ್ನು ಮತ್ತೆ ಮತ್ತೆ ಹಾಕಿಸಿದರು. “ಮಧ್ಯಾಹ್ನ ಸೂರ್ಯ ತಲೆ ಮೇಲೆ ಇರಬೇಕು. ಅದು ದಾನ್, ಅದೇ ರೂಲ್,” ಎಂದರು.

“ರೂಲ್ ಅವಗ ಯಾರು ಹೇಳ್ಯಾರ?”

ತಂದೆಯನ್ನು ಮತ್ತೆ ಚಿತ್ರೀಕರಿಸುವಂತಿರಲಿಲ್ಲ. ಡಿಸೆಂಬರಿನವರೆಗೆ ಕಾಯೋಣವೆಂದರೆ ಹೀರೊ ಬೇರೊಂದು ಚಿತ್ರದ ಋಷಿಪಾತ್ರಕ್ಕೆ ಗಡ್ಡ ಬಿಡಬೇಕಿತ್ತು. ಫ್ಲೋರ್ ಒಳಗೆ ಅಂಗಳ ಹಾಕಿದರೆ ಹತ್ತು ದೀಪಕ್ಕೆ ಹತ್ತು ನೆರಳು ಬೀಳುತ್ತವೆ. ನೆರಳೇ ದೃಶ್ಯದ ಪ್ರಾಣ. ಭೀಮರಾಯರು ತಲೆಯ ಮೇಲೆ ಕೈ ಹೊತ್ತು ಕೂತರು. ಸೈಕಲ್ ಅಂಗಡಿಯ ಕುರ್ಚಿ ಅವರ ಕಣ್ಣಿಗೆ ಕಟ್ಟಿದ್ದು ನನಗೇ ಕಾಣುತ್ತಿತ್ತು.

ಅಂದು ಸಂಜೆ ಮನೆಯಲ್ಲಿ ಅತ್ತಿಗೆಗೆ ಹೇಳಿದೆ. ಅತ್ತಿಗೆ ಹುಟ್ಟಿ ಬೆಳೆದದ್ದೇ ಮದರಾಸು, ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳದ ಟೀಚರ್. ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಅಯ್ಯೋ ಕಡವುಳೇ, ಇಷ್ಟು ಜನ ದೊಡ್ಡವರು ಸೇರಿ ಸೂರ್ಯನ್ನ ಕಾಣೆ ಮಾಡಿಬಿಟ್ಟಿರಾ? ಬಾ ಇಲ್ಲಿ, ಉಕ್ಕಾರು, ಕೂತ್ಕೋ.”

ನೆಲದ ನಡುವೆ ದೀಪ ಹಚ್ಚಿಟ್ಟಳು. ಒಂದು ನಿಂಬೆಹಣ್ಣಿಗೆ ಪೊರಕೆ ಕಡ್ಡಿ ಚುಚ್ಚಿದಳು. ಹಣ್ಣಿನ ಹೊಟ್ಟೆಗಿಂತ ಸ್ವಲ್ಪ ಮೇಲೆ ಒಂದು ಲವಂಗ ಸಿಕ್ಕಿಸಿದಳು. “ಈ ಲವಂಗ ನಮ್ಮ ಮದರಾಸು.”

ಕಡ್ಡಿಯನ್ನು ಬೀದಿಬಾಗಿಲಿನ ಕಡೆಗೆ ವಾಲಿಸಿ ಹಿಡಿದು ದೀಪದ ಸುತ್ತ ನಡೆದಳು. “ನೋಡು, ಕಡ್ಡಿ ಯಾವಾಗಲೂ ಬೀದಿ ಕಡೆಗೇ ವಾಲಿರುತ್ತೆ. ನಾನು ಎಲ್ಲಿಗೆ ಹೋದರೂ ತಿರುಗಿಸಲ್ಲ. ನಿಮ್ಮಣ್ಣನ ಹಾಗೆ. ಒಂದು ಕಡೆ ವಾಲಿದರೆ ವಾಲಿದ್ದೇ.”

ಪೇಪರಿನ ಹಿಂದಿದ್ದ ನಮ್ಮಣ್ಣ ಪುಟ ಮಗುಚಿದ.

ದೀಪಕ್ಕೂ ಬೀದಿಬಾಗಿಲಿಗೂ ನಡುವೆ ನಿಂತಳು. “ಇಲ್ಲಿ ಕಡ್ಡಿಯ ತಲೆ ದೀಪದಿಂದ ಆಚೆಗೆ ವಾಲಿದೆ ಇಲ್ಲವಾ? ಬೆಳಕು ನೆಟ್ಟಗೆ ಬೀಳೋದು ಹಣ್ಣಿನ ಕೆಳಭಾಗಕ್ಕೆ. ಲವಂಗದ ಮೇಲೆ ನಿಂತವನಿಗೆ ದೀಪ ದಕ್ಷಿಣದಲ್ಲಿ. ಇದು ಡಿಸೆಂಬರ್.” ದೀಪ ಸುತ್ತಿ ಅಡಿಗೆಮನೆಯ ಕಡೆಗೆ ಬಂದಳು. “ಈಗ ತಲೆ ದೀಪದ ಕಡೆಗೇ ವಾಲಿತು. ಬೆಳಕು ನೆಟ್ಟಗೆ ಬೀಳೋದು ಲವಂಗಕ್ಕಿಂತ ಮೇಲೆ. ಲವಂಗದವನಿಗೆ ದೀಪ ಉತ್ತರಕ್ಕೆ ಹೋಯ್ತು. ಇದು ಜೂನ್. ಡೆಲ್ಲಿಯವರಿಗೆ ಈ ಅದೃಷ್ಟ ಇಲ್ಲ, ಅವರು ತುಂಬ ಮೇಲಿದ್ದಾರೆ, ಅವರಿಗೆ ಮಧ್ಯಾಹ್ನದ ಸೂರ್ಯ ಯಾವಾಗಲೂ ದಕ್ಷಿಣದಲ್ಲೇ. ನಮಗೆ ಹೋಗ್ತಾ ಒಂದು ಸಲ, ಬರ್ತಾ ಒಂದು ಸಲ ತಲೆ ಮೇಲೇ ಹಾದು ಹೋಗ್ತಾನೆ. ಅದಕ್ಕೇ ದಾನ್ ನಮಗೆ ಇಷ್ಟು ವೆಯಿಲ್ಲು, ಇಷ್ಟು ಬಿಸಿಲು.”

“ವಾಲಿರದಿದ್ದರೆ?”

“ವರ್ಷವಿಡೀ ಒಂದೇ ಥರ. ಬೇಸಿಗೆ ರಜವೇ ಇರ್ತಿರಲಿಲ್ಲ, ನಾನು ಮೇಷ್ಟ್ರ ಕೆಲಸಕ್ಕೇ ಸೇರ್ತಿರಲಿಲ್ಲ.”

ಚಂದ್ರ ನೆಟ್ಟಗಿರುವುದು, ಯುರೇನಸ್ ಮಲಗಿರುವುದು, ಎಲ್ಲ ಅವತ್ತು ಅದೇ ನಿಂಬೆಹಣ್ಣಿನಲ್ಲಿ ಕಲಿತದ್ದು. ಆಮೇಲೆ ಅದನ್ನು ಹಿಂಡಿ ಪಾನಕ ಮಾಡಿಕೊಟ್ಟಳು. ನನ್ನ ಖಗೋಳಜ್ಞಾನದಲ್ಲಿ ಈಗಲೂ ಸ್ವಲ್ಪ ಲವಂಗದ ವಾಸನೆಯಿದೆ.

ಮರುದಿನ ಭೀಮರಾಯರಿಗೆ ವರದಿ ಒಪ್ಪಿಸಿದೆ. ಅವರು ಹಣೆ ಚಚ್ಚಿಕೊಂಡರು. “ದಿನಾ ಮುಂಜಾನೆ ಸಂಕಲ್ಪದಾಗ ಉತ್ತರಾಯಣೇ ಉತ್ತರಾಯಣೇ ಅಂತೀನಿ. ಖರೇನ ಉತ್ತರಕ್ಕ ಹೊಂಟಾನಂತ ಯಾರಿಗೆ ಗೊತ್ತಿತ್ತಲೇ!” ಮುಹೂರ್ತಕ್ಕೆ ಎಲ್ಲ ಗ್ರಹಗಳನ್ನೂ ವಿಚಾರಿಸಿದ್ದ ನಮ್ಮ ಜೋಯಿಸರಿಗೂ ಸೂರ್ಯ ಆಕಾಶದಲ್ಲಿ ಯಾವ ಕಡೆ ಇರುತ್ತಾನೆಂದು ನೋಡಲು ತೋಚಿರಲಿಲ್ಲ.

“ಸೂರ್ಯ ಆ ಕಡೆ ಹೋದ್ರ ನಾವೂ ಮನೀ ತಿರುಗಿಸೋಣ,” ಎಂದು ಭೀಮರಾಯರು ಎದ್ದರು. “ಬಾಗಿಲಾ ದಕ್ಷಿಣಕ್ಕ ಮಾಡ್ರಿ.”

ಬಡಗಿ ಮೇಸ್ತ್ರಿ ಬೀಡಿ ಬಾಯಿಂದ ತೆಗೆದು, “ಸಾರ್, ದಕ್ಷಿಣ ಎಮನ ದಿಕ್ಕು,” ಎಂದ. ನಿರ್ಮಾಪಕರಿಗೆ ಸುದ್ದಿ ಮುಟ್ಟಿ ಅವರು ಓಡಿ ಬಂದರು, ಪುರೋಹಿತರನ್ನೂ ಕರೆತಂದರು. ಪ್ಲೈವುಡ್ಡಿನ ಮನೆಗೆ ಎರಡನೆಯ ಸಲ ಶಾಂತಿಯಾಯಿತು. ಗೋಡೆಗಳನ್ನು ಬಿಚ್ಚಿ, ಕಂಬಗಳನ್ನು ಹೊತ್ತು, ಜಗಲಿಯನ್ನು ತುಂಡು ತುಂಡಾಗಿ ಎಳೆದು, ದಿನಗಟ್ಟಲೆ ಬೆವರು ಸುರಿಸಿ ಮನೆಯನ್ನು ಅರ್ಧ ಸುತ್ತು ತಿರುಗಿಸಿದೆವು.

ನಡುಮಧ್ಯಾಹ್ನ ಭೀಮರಾಯರು ತಾವೇ ಅಂಗಳದ ನಡುವೆ ನಿಂತರು. ನೆರಳು ಬಾಗಿಲಿನ ಕಡೆಗೇ ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಆಮೇಲೆ ಒಬ್ಬೊಬ್ಬರ ಕೈಯಾಗಿ ನಿಂತಿತು. ನೆರಳು ಅವರ ಕಾಲಬುಡದಲ್ಲಿ ಚೆಲ್ಲಿದ ಸಾಂಬಾರಿನಷ್ಟಿತ್ತು. ಡಿಸೆಂಬರಿನ ಸೂರ್ಯ ಓರೆಯಾಗಿದ್ದ, ಇವನು ಹೆಚ್ಚುಕಡಿಮೆ ನೆತ್ತಿಯ ಮೇಲೆ ಇದ್ದ. ಗುರುಪಾದಪ್ಪನವರ ಉದ್ದ ನೆರಳಿಗೆ ಈ ಗೊಜ್ಜನ್ನು ಹೇಗೆ ಜೋಡಿಸುವುದು?

ಅತ್ತಿಗೆಯ ಹತ್ತಿರ ಗೊಣಗಿದೆ. “ಯಾವ ಕಡೆ ಇದ್ದಾನೆ ಅಂತ ನೀ ಕೇಳಿದೆ, ನಾ ಹೇಳಿದೆ. ಎಷ್ಟು ಎತ್ತರ ಅಂತ ನೀ ಕೇಳಲೂ ಇಲ್ಲ, ನನಗೆ ತೋಚಲೂ ಇಲ್ಲ. ಮನೆ ತಿರುಗಿಸ್ತೀರ ಅಂತ ನಾ ಕಂಡೆನಾ?” ಎಂದಳು.

ಆ ರಾತ್ರಿಯೆಲ್ಲ ವರದನ್ ಸಾರ್ ಏನು ಯೋಚಿಸಿದರೋ, ಬೆಳಿಗ್ಗೆ ಬರುವಾಗ ಒಂದು ಬಿದಿರ ಗಳ ತಂದಿದ್ದರು. ಅದನ್ನು ಬಯಲಿನಲ್ಲಿ ನೆಟ್ಟು ಪಕ್ಕದಲ್ಲಿ ಸ್ಟೂಲು ಹಾಕಿ ಕುಳಿತರು. ಸೂರ್ಯ ಏರಿದಂತೆ ಗಳದ ನೆರಳು ಕುಗ್ಗುತ್ತ ಬಂತು. ಅದು ಗಳದ ಮುಕ್ಕಾಲುದ್ದ ಆಗುತ್ತಿದ್ದಂತೆ, ಕಾಫಿ ಹೊತ್ತಿನ ಸುಮಾರಿಗೆ, ಸಾರ್ ಎದ್ದು ನಿಂತು ಕೂಗಿದರು:

“ರಘೂ! ಇದು ದಾನ್ ಗುರುಪಾದಪ್ಪನವರ ನೆರಳು! ಉದ್ದ ಸರಿ. ದಿಕ್ಕು ಮಾತ್ರ ಬೇರೆ. ನೆರಳು ಮೇರ್ಕು ಕಡೆ, ಪಡುವಣಕ್ಕೆ ಹೋಗುತ್ತೆ. ಮನೆಯನ್ನ ಅದಕ್ಕೆ ಸರಿಯಾಗಿ ಇನ್ನೂ ಕಾಲು ಸುತ್ತು ತಿರುಗಿಸಿದರೆ ಆಯ್ತು!”

ಕಾಲು ಸುತ್ತಿಗಿಂತ ಸ್ವಲ್ಪ ಕಡಿಮೆಯೇ ಸಾಕಿತ್ತು. ಹಾಗಾಗಿ ಬಾಗಿಲು ಪೂರ್ತಿ ಪಶ್ಚಿಮವೂ ಅಲ್ಲದೆ ನೈರುತ್ಯದ ಕಡೆಗೆ ಸೊಟ್ಟಗಾಯಿತು. ನಿರ್ಮಾಪಕರು ಈ ಸಲ ಪುರೋಹಿತರನ್ನು ಕರೆತರಲಿಲ್ಲ. ಕಣ್ಣು ಮುಚ್ಚಿಕೊಂಡು, ಮುಗಿದ ಮೇಲೆ ಹೇಳಿ ಎಂದು ಕಾರಿನಲ್ಲಿ ಕುಳಿತರು. ಬಾಗಿಲಿನ ಆಚೆ ಈಗ ಪಕ್ಕದ ತಮಿಳು ಪುರಾಣಚಿತ್ರದ ಸ್ವರ್ಗ ಕಾಣುತ್ತಿತ್ತು. ಬಡಮನೆಯ ಹೊಸ್ತಿಲಾಚೆ ಐರಾವತ ನಿಂತಿದ್ದರೆ ಕಥೆ ಕೆಡುತ್ತದೆಂದು ನಡುವೆ ತೆಂಗಿನ ಗರಿಗಳನ್ನು ಕಟ್ಟಿದೆವು.

ಇನ್ನು ಮಗನ ಶಾಟಿನೊಳಗೆ ಬೀಳುವ ತಂದೆಯ ನೆರಳಿಗೆ ಆಳು ಬೇಕು. ಭೀಮರಾಯರು ಗುಂಡಗಿದ್ದರು, ಅವರ ನೆರಳು ಮಡಕೆಯಂತೆ ಬಿತ್ತು. ಮೇಸ್ತ್ರಿಯನ್ನು ನಿಲ್ಲಿಸಿದೆವು, ನನ್ನನ್ನು ನಿಲ್ಲಿಸಿದರು. ಕೈ ಎತ್ತುವಲ್ಲಿ ಎಲ್ಲರೂ ಸೋತೆವು. ನಾನು ಎತ್ತಿದ ಕೈ ಬಸ್ಸು ನಿಲ್ಲಿಸುವವನದಾಗಿತ್ತಂತೆ. ಅರ್ಧ ಎತ್ತಿ, ನಿಂತು, ಹಿಂದಕ್ಕೆ ಎಳೆದುಕೊಂಡು, ಮತ್ತೆ ಚಾಚುವ ಆ ಲಯ ಗುರುಪಾದಪ್ಪನವರ ಶಾಟಿನ ಜೊತೆ ಕೂಡಬೇಕಿತ್ತು.

ಭೀಮರಾಯರು ವರದನ್ ಸಾರ್ ಕಡೆ ತಿರುಗಿದರು. “ಆ ಕೈ ಏಳೂದನ್ನ ಕಿಂಡಿಯಾಗಿಂದ ಅಷ್ಟು ಹತ್ರ ನೋಡಿದವರು ನೀವೊಬ್ರ. ನೀವ ನಿಲ್ರಿ.”

“ನಾನು ಕ್ಯಾಮೆರಾಮನ್. ವೇಷ ಕಟ್ಟೋನಲ್ಲ.”

“ಮುಖ ಕಾಣೂದಿಲ್ರೀ. ಬರೇ ನೆರಳು.”

“ಕ್ಯಾಮೆರಾ ಯಾರು ನೋಡೋದು?”

ವರದನ್ ಸಾರ್ ನನ್ನನ್ನು ನೋಡಿದರು. ಹಾಲಿನ ಪಾತ್ರೆಯನ್ನು ಬೆಕ್ಕಿನ ವಶಕ್ಕೆ ಕೊಡುವವರ ಮುಖ ಹಾಗಿರುತ್ತದೆ. ಆಮೇಲೆ ಅಂಗಿ ಬಿಚ್ಚಿ, ಗುರುಪಾದಪ್ಪನವರ ಪಾತ್ರದ ಪಂಚೆ ಉಟ್ಟು, ರುಮಾಲು ಸುತ್ತಿಸಿಕೊಂಡು ಅಂಗಳದ ನಡುವೆ ಹೋಗಿ ನಿಂತರು. ಎಡ ಹೆಗಲನ್ನು ತುಸು ಕುಸಿಯಬಿಟ್ಟರು. ನೆಲದ ಮೇಲೆ ಗುರುಪಾದಪ್ಪನವರು ಬಂದು ಮಲಗಿದ ಹಾಗಾಯಿತು.

ನಾನು ಮೊದಲ ಬಾರಿಗೆ ಕಿಂಡಿಗೆ ಕಣ್ಣಿಟ್ಟೆ. ಕೊಡೆಯನ್ನು ನಿರ್ದೇಶಕರೇ ಹಿಡಿದಿದ್ದರು, ಅಂಥ ಕಾಲ ಬಂತು.

ಶಾಟಿನಲ್ಲಿ ಮಾತಿಲ್ಲವಾದ್ದರಿಂದ ಧ್ವನಿ ತೆಗೆಯುತ್ತಿರಲಿಲ್ಲ. ಅದೇ ತಪ್ಪಾಯಿತು. ಸತ್ತ ತಂದೆಯ ಗಾಂಭೀರ್ಯದಲ್ಲಿ ನಿಂತಿದ್ದ ವರದನ್ ಸಾರ್, ತಲೆ ಅಲುಗಿಸದೆ, ತುಟಿಯಷ್ಟೇ ಆಡಿಸಿ ನನಗೆ ಬೈಯತೊಡಗಿದರು.

“ಫೋಕಸ್ ಪಾರುಡಾ, ನೋಡೋ... ಎಲವೋ ಮೂರ್ಖ, ಎಡಕ್ಕೆ ಹೋಗಬೇಡ... ಹೀರೊ ಬರ್ತಾ ಇದ್ದಾನೆ, ಬರಲಿ... ಮೆದುವಾ, ನಿಧಾನ...”

ಮೊದಲ ದಿನ ಮೋಡ. ಎರಡನೆಯ ದಿನ ಹೀರೊ ಬೀಳುವಾಗ ಮುರಿದ ಕಾಲು ನೋವಾಗಿ “ಅಯ್ಯಮ್ಮಾ” ಎಂದು ಮುಖ ಹಿಂಡಿದ. ನೆರಳು ಸರಿಯಾಗಿರುತ್ತಿದ್ದುದು ಒಂದು ಲೋಟ ಕಾಫಿ ಆರುವಷ್ಟು ಹೊತ್ತು. ತಪ್ಪಿದರೆ ಮತ್ತೆ ನಾಳೆ. ಭೀಮರಾಯರು ಉಗುರು ಕಚ್ಚಿ ಮುಗಿಸಿ, ನನ್ನ ಉಗುರಿನ ಕಡೆ ನೋಡುವ ಹಂತಕ್ಕೆ ಬಂದಿದ್ದರು.

ಅದರ ಮರುದಿನ ಬಿಸಿಲು ಚೊಕ್ಕವಾಗಿ ಬಿತ್ತು. ಹೀರೊ ಬಂದ. ನೆರಳಿನ ಅಂಚಿಗೆ ಬಂದು ನಿಂತ, ಮಂಡಿ ಊರಿದ, ಉದ್ದಕ್ಕೆ ಬಿದ್ದ. ನೆರಳಿನ ಕೈ ಅರ್ಧ ಎದ್ದಿತು. ನಿಂತಿತು. ಹಿಂದಕ್ಕೆ ಹೋಯಿತು. ವರದನ್ ಸಾರ್ ಬೈಗುಳ ಅಷ್ಟು ಹೊತ್ತಿಗೆ ನಿಂತುಹೋಗಿತ್ತು. ಕೈ ಮತ್ತೆ ಎದ್ದು, ನೆಲದ ಮೇಲೆ ನಿಧಾನವಾಗಿ ಹರಿದು ಬಂದು, ಹುಡುಗನ ತಲೆಯ ಮೇಲೆ ಕೂತಿತು. ಅಲ್ಲೇ ಇತ್ತು. ಭೀಮರಾಯರು ಕಟ್ ಹೇಳಲು ಮರೆತರು. ಫಿಲ್ಮು ಮುಗಿದು ಕ್ಯಾಮೆರಾ ತಾನೇ ಟಕಟಕ ಅಂದ ಮೇಲೆ ನಾನು ಕಣ್ಣು ತೆಗೆದೆ. ಕೈ ಇನ್ನೂ ಇಳಿದಿರಲಿಲ್ಲ.

“ಸಾರ್, ಆಯ್ತು,” ಎಂದೆ.

ಅವರು ಕೈ ಇಳಿಸಿ ರುಮಾಲು ತೆಗೆದರು. “ನೀ ಶೇಕ್ ಮಾಡಿದ್ಯಾ?”

“ಇಲ್ಲ ಸಾರ್.”

“ಮಾಡಿದ್ರೆ ಕೊಂದುಬಿಡ್ತೇನೆ,” ಎಂದು ಹೇಳಿ, ಗೋಡೆಯ ಹಿಂದೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಜೋಡಿಸಿ ನೋಡಿದಾಗ ಗೆರೆ ಕಾಣಲಿಲ್ಲ. ಡಿಸೆಂಬರಿನ ತಂದೆ, ಜೂನಿನ ಮಗ, ಒಂದೇ ಸೂರ್ಯ. ಚಿತ್ರ ಓಡಿತು. ಸೈಕಲ್ ಅಂಗಡಿಯ ಕುರ್ಚಿಯಲ್ಲಿ ಭೀಮರಾಯರ ಭಾವಮೈದುನ ಕುಳಿತ.

ಬಿಡುಗಡೆಗೆ ಮೊದಲು ಸ್ಟುಡಿಯೋದ ಸಣ್ಣ ಥಿಯೇಟರಿನಲ್ಲಿ ನಮಗಷ್ಟೇ ಚಿತ್ರ ತೋರಿಸಿದರು. ಗುರುಪಾದಪ್ಪನವರ ಹೆಂಡತಿ ನೀಲಮ್ಮನವರನ್ನು ಭೀಮರಾಯರು ಊರಿನಿಂದ ಕರೆಸಿದ್ದರು. ಸಣ್ಣ ಆಕಾರದ ಹೆಂಗಸು. ಗಂಡನ ನಾಟಕಗಳನ್ನು ಪರದೆಯ ಪಕ್ಕದಿಂದ ನೋಡಿದ್ದೇ ಹೊರತು ಮುಂದಿನಿಂದ ನೋಡಿದ್ದಿಲ್ಲವಂತೆ. ಆಕೆಯ ಹಿಂದಿನ ಸಾಲಿನಲ್ಲಿ ನಾನೂ ವರದನ್ ಸಾರೂ ಕೂತಿದ್ದೆವು. ನೆರಳಿನ ದೃಶ್ಯ ಬಂದಾಗ ಆಕೆ ಮುಂದಕ್ಕೆ ಬಾಗಿದರು. ಮುಗಿದ ಮೇಲೆ ಹಿಂದಕ್ಕೆ ಒರಗಲಿಲ್ಲ.

ದೀಪ ಹತ್ತಿದ ಮೇಲೆ ಭೀಮರಾಯರು ಹತ್ತಿರ ಹೋಗಿ, “ಹೆಂಗನಿಸ್ತವ್ವಾ?” ಎಂದರು.

“ಮುಖ ಅವರದs. ನೆರಳು ಅವರದಲ್ಲ.”

ಲ್ಯಾಬಿನವರು ಕಂಡುಹಿಡಿದಿರಲಿಲ್ಲ, ಎಡಿಟರಿಗೂ ಗೆರೆ ಕಂಡಿರಲಿಲ್ಲ; ಈಕೆ ಒಂದೇ ನೋಟಕ್ಕೆ ಹಿಡಿದುಬಿಟ್ಟರು.

ವರದನ್ ಸಾರ್ ಎದ್ದು ಕೈಮುಗಿದರು. ರಾಜನ ಭಾಷೆ ಅಂದು ಅವರಿಗೆ ಬರಲಿಲ್ಲ. “ಅಮ್ಮಾ, ಅದು ನಾನು. ಎಲ್ಲಿ ತಪ್ಪಾಯ್ತು? ಹೆಗಲಾ?”

“ಹೆಗಲ ಬರೋಬ್ಬರಿ ಐತಿ. ಕೈ ಎತ್ತಿದ್ದೂ ಬರೋಬ್ಬರಿ.” ಆಕೆ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. “ನಮ್ಮ ಹಿರೀ ಮಗ ಎರಡು ವರ್ಷ ಆದಮ್ಯಾಲೆ ತಿರುಗಿ ಮನೀಗ ಬಂದಾಗ ಇವರೂ ಹಿಂಗ ಎತ್ತಿದ್ರು. ಮುಟ್ಟಿದ್ದಷ್ಟs, ಬಿಸಿ ತಾಗಿದವರ ಹಂಗ ತಗದುಬಿಟ್ರು. ಯಾರ ತಲಿ ಮ್ಯಾಲೂ ಅಷ್ಟೊತ್ತು ಕೈ ಇಟ್ಟವರಲ್ಲ ಅವರು.”

“ಹಾಗಾದರೆ ಕತ್ತರಿಸಿಬಿಡೋಣ. ಸ್ವಲ್ಪ ಮೊದಲೇ ಕಟ್ ಮಾಡಬಹುದು,” ಎಂದರು ವರದನ್ ಸಾರ್. ತಾವು ಬೆವರು ಸುರಿಸಿದ ಶಾಟಿಗೆ ಕತ್ತರಿ ಹಾಕುತ್ತೇನೆಂದು ಅವರಾಗಿಯೇ ಹೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ನೀಲಮ್ಮನವರು ಕನ್ನಡಕ ಹಾಕಿಕೊಂಡು ಖಾಲಿ ಪರದೆಯ ಕಡೆ ತಿರುಗಿದರು.

“ಬ್ಯಾಡ್ರಿ,” ಎಂದರು. “ಇರ್ಲಿ ಬಿಡ್ರಿ. ಅಷ್ಟೊತ್ತು ಇಡಬೇಕಾಗಿತ್ತು.”